ಕಿತ್ತಳೆ ಪೆಟ್ಟಿಗೆಯ ಕಪಾಟು, ಗೋಂಡರ ಜಿಂಕೆ

ಸಾವನೇರ್ ನಾಗಪುರದಿಂದ ಉತ್ತರಕ್ಕೆ ನಲವತ್ತು ಕಿಲೋಮೀಟರಿನೊಳಗಿನ ಊರು. ಛಿಂದವಾಡಾ ಕಡೆಯ ರೈಲು ಇಲ್ಲಿ ಹಾದುಹೋಗುತ್ತದೆ. ಸುತ್ತ ಕಿತ್ತಳೆ ತೋಟ, ನೆಲದಡಿ ಕಲ್ಲಿದ್ದಲು. ಮರಾಠಿಯ ದೊಡ್ಡ ನಾಟಕಕಾರ ರಾಮ ಗಣೇಶ ಗಡಕರಿ 1919ರ ಜನವರಿ 23ರಂದು ಕಣ್ಣುಮುಚ್ಚಿದ್ದು ಈ ಊರಿನಲ್ಲೇ. ಸಾಗರದ ಕಡೆಯವರಾದ ನಾವು ಗಣಿ ಕೆಲಸಕ್ಕೆಂದು ಇಲ್ಲಿಗೆ ಬಂದು ಹನ್ನೆರಡು ವರ್ಷವಾಯಿತು.

ಬಂದ ಹೊಸತರಲ್ಲಿ ಕಂತಿನ ಮೇಲೆ ಕೊಂಡ ಪಾರ್ಟಿಕಲ್ ಬೋರ್ಡಿನ ವಾರ್ಡ್‌ರೋಬ್ ಎರಡನೇ ಮಳೆಗಾಲ ದಾಟಲಿಲ್ಲ. ಬೇಸಿಗೆಯ 45 ಡಿಗ್ರಿಗೆ ಅಂಚಿನ ಪಟ್ಟಿ ಕಿತ್ತುಬಂತು, ಜುಲೈ ತೇವಕ್ಕೆ ತಳ ಉಬ್ಬಿತು, ತಿರುಪು ಕಚ್ಚಿಕೊಳ್ಳಲು ಜಾಗವೇ ಉಳಿಯದೆ ಬಾಗಿಲು ಜೋತುಬಿತ್ತು. ಅದೇ ವಾರ ಪೇಟೆಯೊಳಗೆ ಒಂದು ಹಳೆಯ ವಾಡಾ ಕೆಡವುತ್ತಿದ್ದರು. ವಾಡಾ ಎಂದರೆ ನಮ್ಮ ತೊಟ್ಟಿಮನೆಯ ಸೋದರ ಸಂಬಂಧಿ ಅನ್ನಿ. ಅದರ ತೇಗದ ಬಾಗಿಲೊಂದನ್ನು ಬೀದಿಬದಿಯ ಗೋಡೆಗೆ ಒರಗಿಸಿಟ್ಟಿದ್ದರು. ಎಷ್ಟು ಬೇಸಿಗೆ, ಎಷ್ಟು ಮಳೆಗಾಲ ಕಂಡಿತ್ತೋ, ಒಂದು ನೂಲಿನಷ್ಟೂ ಸೊಟ್ಟಗಾಗಿರಲಿಲ್ಲ. ಆ ಬಾಗಿಲು ಈಗ ನಮ್ಮ ಊಟದ ಮೇಜು. ಅಲ್ಲಿಂದ ಇಲ್ಲಿಯವರೆಗೆ ಕೈಯಾರೆ ಕಲಿತ ಸೂತ್ರಗಳು ಇವು. ನಿಮ್ಮ ಮನೆ ಹುಬ್ಬಳ್ಳಿಯಲ್ಲಿರಲಿ, ಕಲಬುರಗಿಯಲ್ಲಿರಲಿ, ಹೆಚ್ಚಿನವು ಅಲ್ಲಿಗೂ ಹೊಂದುತ್ತವೆ.

1. ಮೊದಲು ಕೋಣೆ ಖಾಲಿ ಮಾಡಿ

ಏನನ್ನೂ ಕೊಳ್ಳುವ ಮೊದಲು ಒಂದು ಕೋಣೆಯ ಸಾಮಾನೆಲ್ಲ ಹೊರಗಿಡಿ. ಎರಡು ದಿನ ಆ ಖಾಲಿ ಕೋಣೆಯಲ್ಲಿ ಚಾಪೆ ಹಾಸಿ ಕೂತು ಟೀ ಕುಡಿಯಿರಿ. ಬೆಳಗಿನ ಬೆಳಕು ಯಾವ ಗೋಡೆಗೆ ಬೀಳುತ್ತದೆ, ಸಂಜೆ ನಾಲ್ಕರ ಬಿಸಿಲು ಎಲ್ಲಿಗೆ ಹೊಡೆಯುತ್ತದೆ, ಮಕ್ಕಳು ತಾವಾಗಿಯೇ ಎಲ್ಲಿ ಹೋಗಿ ಕೂರುತ್ತಾರೆ ನೋಡಿಕೊಳ್ಳಿ. ವಾಪಸ್ ಒಳಗೆ ತರುವಾಗ ಪ್ರತಿಯೊಂದನ್ನೂ ‘ನೀನು ಯಾಕೆ ಬೇಕು?’ ಎಂದು ಕೇಳಿ ತನ್ನಿ. ನಮ್ಮ ಮನೆಯಲ್ಲಿ ಮೂರು ವಸ್ತು ಹೊರಗೇ ಉಳಿದವು. ಅಷ್ಟಕ್ಕೇ ಕೋಣೆ ಅರ್ಧ ಹೊಸದಾಯಿತು.

2. ಋತು ನೋಡಿ ಕೆಲಸ ಹಿಡಿಯಿರಿ

ಮರದ ಕೆಲಸಕ್ಕೆ ನಮ್ಮ ಈ ವಿದರ್ಭದಲ್ಲಿ ಒಳ್ಳೆಯ ಕಾಲ ದಸರೆಯಿಂದ ಶಿವರಾತ್ರಿವರೆಗೆ. ಮಳೆಗಾಲದಲ್ಲಿ ಅರಗಿನ ಪಾಲಿಷ್ ಹಾಕಿದರೆ ಗಾಳಿಯ ತೇವ ಪದರದೊಳಗೆ ಸಿಕ್ಕಿಕೊಂಡು ಮೇಲೆ ಬೆಳ್ಳನೆ ಮಂಜು ಕಟ್ಟುತ್ತದೆ. ಮೇ ತಿಂಗಳಲ್ಲಿ ಹಾಕಿದರೆ ಸ್ಪಿರಿಟ್ ಬಟ್ಟೆಯಿಂದ ಮರಕ್ಕೆ ತಲುಪುವಷ್ಟರಲ್ಲೇ ಆರಿ ಗೆರೆಗೆರೆ ಬೀಳುತ್ತದೆ. ಬೇಸಿಗೆಯಲ್ಲಿ ಹುಡುಕಿ, ಮಳೆಗಾಲದಲ್ಲಿ ಒಣಜಾಗದಲ್ಲಿ ಇಟ್ಟು ಕಾಯಿರಿ, ಚಳಿಗಾಲದಲ್ಲಿ ಉಜ್ಜಿ. ದೀಪಾವಳಿಗೆ ಎಲ್ಲ ಮುಗಿಯಲೇಬೇಕು ಎಂದು ಗಂಟು ಬೀಳಬೇಡಿ.

3. ಮರದ ಗುರುತು ಹಿಡಿಯಲು ಕಲಿಯಿರಿ

ಈ ಒಂದು ವಿದ್ಯೆ ಕೈಗೆ ಬಂದರೆ ಉಳಿದದ್ದೆಲ್ಲ ಸುಲಭ. ಟಿಂಬರ್ ವ್ಯಾಪಾರಿಗಳ ಬಾಯಲ್ಲಿ ಇವತ್ತಿಗೂ ‘ಸಿ.ಪಿ. ಟೀಕ್’ ಎಂಬ ಮಾತಿದೆ. ಸಿ.ಪಿ. ಎಂದರೆ ಬ್ರಿಟಿಷರ ಕಾಲದ ಸೆಂಟ್ರಲ್ ಪ್ರಾವಿನ್ಸಸ್. ನಾಗಪುರ ಅದರ ರಾಜಧಾನಿ. ಪ್ರಾಂತ್ಯ ಹೋಯಿತು, ಮರದ ಹೆಸರು ಉಳಿಯಿತು. ಬಲ್ಲಾರಶಾ, ಆಲಾಪಲ್ಲಿ ಕಡೆಯ ಈ ಸಾಗುವಾನಿಗೆ ದೇಶವಿಡೀ ಬೇಡಿಕೆ. 2023ರ ಮೇ 28ರಂದು ಉದ್ಘಾಟನೆಯಾದ ದಿಲ್ಲಿಯ ಹೊಸ ಸಂಸತ್ ಭವನಕ್ಕೂ ತೇಗ ಹೋದದ್ದು ನಾಗಪುರದಿಂದ. ಇಂಥ ಜಾಗದಲ್ಲಿ ಇದ್ದುಕೊಂಡು ಪುಡಿಹಲಗೆಗೆ ಕಂತು ಕಟ್ಟುವುದು ಬಾವಿಕಟ್ಟೆಯ ಮೇಲೆ ಕೂತು ಬಾಟಲಿ ನೀರು ಕೊಂಡ ಹಾಗೆ.

ಪರೀಕ್ಷೆ ಹೀಗೆ. ಕುರ್ಚಿಯನ್ನು ಬೋರಲು ಹಾಕಿ. ಪಾಲಿಷ್ ಕಾಣದ ತಳಭಾಗದಲ್ಲಿ ಚಾಕುವಿನ ಮೊನೆಯಿಂದ ಒಂದು ಉಗುರಿನಷ್ಟು ಕೆರೆಯಿರಿ, ಮೂಗಿಗೆ ಹಿಡಿಯಿರಿ. ತೇಗಕ್ಕೆ ಹಳೆಯ ಚರ್ಮದ ಚೀಲದಂಥ ವಾಸನೆ. ಬೆರಳಿಗೆ ತುಸು ಎಣ್ಣೆಜಿಡ್ಡು ಅಂಟುತ್ತದೆ. ಒಳಗಿನ ಬಣ್ಣ ಹೊಂಬಣ್ಣದ ಕಂದು, ಕೊಯ್ದ ತುದಿಯಲ್ಲಿ ಬೆಳವಣಿಗೆಯ ಬಳೆಗಳು ಸ್ಪಷ್ಟ. ಕೆರೆದ ಜಾಗದಲ್ಲಿ ಬೇರೆಯೇ ಬಣ್ಣದ ಪದರ ಬಂದರೆ ಅದು ಮೇಲೆ ಅಂಟಿಸಿದ ವೆನಿಯರ್. ಅಂಚಿನಲ್ಲಿ ಗೆರೆಗಳು ಮೇಲಿಂದ ಬದಿಗೆ ಇಳಿದು ಮುಂದುವರಿದರೆ ಗಟ್ಟಿಮರ, ಅಂಚಿಗೆ ಬಂದು ಕತ್ತರಿಸಿದಂತೆ ನಿಂತರೆ ಅಲ್ಲ. ಬೀಟೆ ತೇಗಕ್ಕಿಂತ ಭಾರ, ಕಪ್ಪು ಗೆರೆ ಎದ್ದು ಕಾಣುತ್ತದೆ. ಮಾವು ಹುಳಕ್ಕೆ ಪ್ರಿಯ.

ಎಲ್ಲಿ ಹುಡುಕುವುದು? ನಾಗಪುರದ ಲಕಡ್‌ಗಂಜ್ ಹೆಸರಿಗೆ ತಕ್ಕಂತೆ ಮರದ ಪೇಟೆ. ಅದಕ್ಕಿಂತಲೂ ನಾನು ನಂಬುವುದು ಕೆಡವುತ್ತಿರುವ ಮನೆಗಳನ್ನು. ಗುತ್ತಿಗೆದಾರ ಬಾಗಿಲು, ಕಿಟಕಿ, ತೊಲೆಗಳನ್ನು ಒಟ್ಟಿಗೇ ಗುಜರಿಗೆ ಹಾಕುವ ಮೊದಲು ಹೋಗಿ ಮಾತಾಡಿ.

ಕೆಡವಿದ ಮನೆಯ ಮರಕ್ಕೆ ಎರಡನೇ ಜನ್ಮ ಕೊಡುವುದನ್ನು ಕನ್ನಡನಾಡಿಗೆ ತೋರಿಸಿಕೊಟ್ಟವರು ಮಣಿಪಾಲದ ವಿಜಯನಾಥ ಶೆಣೈ. ಕರಾವಳಿಯಲ್ಲಿ ಹಳೆ ಮನೆಗಳು ಒಂದೊಂದಾಗಿ ಉರುಳುತ್ತಿದ್ದಾಗ ಅವುಗಳ ಕಂಬ, ಬಾಗಿಲು, ಮುಚ್ಚಿಗೆಗಳನ್ನು ಕೂಡಿಸಿ ತಮ್ಮ ಸ್ವಂತ ಮನೆ ‘ಹಸ್ತಶಿಲ್ಪ’ ಕಟ್ಟಿಕೊಂಡರು. ಮುಂದೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಿದರು. 2017ರಲ್ಲಿ ಅವರು ತೀರಿಕೊಂಡರು. ಆ ಹೆರಿಟೇಜ್ ವಿಲೇಜ್ ನೋಡಿಬಂದವರಿಗೆ ತಮ್ಮ ಅಟ್ಟದ ಮೇಲಿನ ಮುರುಕು ಪೆಟ್ಟಿಗೆ ಬೇರೆಯದೇ ಕಣ್ಣಿಗೆ ಕಾಣತೊಡಗುತ್ತದೆ. ನನಗೆ ಹಾಗೆಯೇ ಆಯಿತು.

4. ಮನೆಯೊಳಗೆ ತರುವ ಮೊದಲು ಒಂದು ತಿಂಗಳು ಹೊರಗಿಡಿ

ಹಳೆ ಮರದ ಜೊತೆ ಹುಳ ಬರಬಹುದು. ವರಾಂಡದಲ್ಲಿ ಹಳೆ ಪತ್ರಿಕೆ ಹಾಸಿ ಅದರ ಮೇಲೆ ನಿಲ್ಲಿಸಿ. ಸೂಜಿತೂತುಗಳಿಂದ ಹಿಟ್ಟಿನಂಥ ಪುಡಿ ಪತ್ರಿಕೆಯ ಮೇಲೆ ಹೊಸದಾಗಿ ಬಿದ್ದರೆ ಒಳಗೆ ಹುಳ ಜೀವಂತ ಇದೆ. ತೂತಿದ್ದೂ ಪುಡಿ ಇಲ್ಲದಿದ್ದರೆ ಅದು ಹಳೆಯ ಗಾಯ, ಹೆದರಬೇಡಿ. ಬೊರಾಕ್ಸ್ ಮತ್ತು ಬೋರಿಕ್ ಆಮ್ಲವನ್ನು ಬಿಸಿನೀರಿನಲ್ಲಿ ಕರಗಿಸಿ, ಪಾಲಿಷ್ ತೆಗೆದ ಬರಿ ಮರಕ್ಕೆ ಎರಡು ಮೂರು ಸಲ ಕುಡಿಸಬೇಕು. ತೂತುಗಳಿಗೆ ಸಿರಿಂಜಿನಿಂದ ಬಿಡಿ. ಗೆದ್ದಲು ತಿಂದ ಕಾಲನ್ನು ಬೆರಳಗಂಟಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಆ ಕಾಲು ಬದಲಿಸಲೇಬೇಕು.

5. ಹಳೆ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಬೇಡಿ

ಹಳೆಯ ಹಸಿರು, ನೀಲಿ, ಹಳದಿ ಎಣ್ಣೆಬಣ್ಣಗಳಲ್ಲಿ ಸೀಸ ಇರುವ ಸಂಭವ ಹೆಚ್ಚು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದೇ 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಿಂದ. ಅದಕ್ಕೂ ಹಿಂದೆ ಬಳಿದ ಬಣ್ಣವನ್ನು ಒಣದಾಗಿ ಉಜ್ಜಿದರೆ ಆ ಧೂಳು ಮೊದಲು ಹೋಗುವುದು ಮಕ್ಕಳ ಹೊಟ್ಟೆಗೆ. ನೀರು ಚಿಮುಕಿಸಿ ಒದ್ದೆಯಾಗಿ ಉಜ್ಜಿ, ಇಲ್ಲವೇ ಪೇಂಟ್ ರಿಮೂವರ್ ಹಚ್ಚಿ ಕೆರೆಯಿರಿ. ಮಾಸ್ಕ್ ಇರಲಿ, ಕೆಲಸ ಮನೆಯ ಹೊರಗೆ ನಡೆಯಲಿ, ಕೆರೆದ ಚಕ್ಕೆಗಳನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಬೀಳಿಸಿ ಕಟ್ಟಿಹಾಕಿ. ಬಸುರಿಯರು, ಪುಟ್ಟ ಮಕ್ಕಳು ಆ ದಿನ ಹತ್ತಿರ ಸುಳಿಯಬಾರದು.

6. ಎಲ್ಲಿ ನಿಲ್ಲಿಸಬೇಕೆಂದು ಬಡಗಿಯನ್ನು ಕೇಳಿ

ನಮ್ಮ ಬಾಗಿಲನ್ನು ಮೇಜು ಮಾಡಿಕೊಟ್ಟವರು ಇಲ್ಲಿನ ಒಬ್ಬ ವೃದ್ಧ ಸುತಾರ. ನಾನು 80ರ ಉಜ್ಜುಕಾಗದ ಹಿಡಿದು ಉತ್ಸಾಹದಿಂದ ತಿಕ್ಕುತ್ತಿದ್ದೆ. ಅವರು ಕೈ ಹಿಡಿದು ನಿಲ್ಲಿಸಿದರು. ಅಗುಳಿಯ ಪಕ್ಕದಲ್ಲಿ, ಎದೆಮಟ್ಟದ ಎತ್ತರದಲ್ಲಿ, ಅಂಗೈಯಗಲದ ಒಂದು ಜಾಗ ಉಳಿದೆಡೆಗಿಂತ ತಗ್ಗಾಗಿ, ಕನ್ನಡಿಯಂತೆ ನುಣುಪಾಗಿತ್ತು. ಎಷ್ಟೋ ವರ್ಷ ಆ ಮನೆಯವರು ಬಾಗಿಲು ತಳ್ಳಲು ಕೈಯಿಟ್ಟ ಜಾಗ ಅದು. ‘ಇದನ್ನು ಯಾವ ಕಾಗದವೂ ಮಾಡಲಾರದು, ಮುಟ್ಟಬೇಡಿ’ ಅಂದರು. ಈಗ ಅದು ನನ್ನ ಮಗಳು ಊಟಕ್ಕೆ ಕೂರುವ ಜಾಗದೆದುರಿಗಿದೆ. ಹೋಂವರ್ಕ್ ಮಾಡುವಾಗ ಅವಳ ಎಡಗೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ಕ್ರಮ ಇಷ್ಟು: 80, ಆಮೇಲೆ 120, ಕೊನೆಗೆ 220ರ ಕಾಗದ, ಯಾವಾಗಲೂ ಗೆರೆಯ ಜಾಡಿನಲ್ಲೇ, ಅಡ್ಡಡ್ಡ ಬೇಡ. ಕೀಲು ಸಡಿಲವಾಗಿದ್ದರೆ ಮೊಳೆ ಹೊಡೆಯಬೇಡಿ, ಬಿಚ್ಚಿ ಹಳೆ ಗೋಂದು ಕೆರೆದು ಮತ್ತೆ ಕೂಡಿಸಿ. ತೇಗದ ಜಿಡ್ಡಿನಿಂದ ಗೋಂದು ಹಿಡಿಯುವುದು ಕಷ್ಟ. ಅಂಟಿಸುವ ಮುನ್ನ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ, ಆರಿದ ಕೂಡಲೇ ಅಂಟಿಸಿಬಿಡಿ.

ಮೇಲೆ ಏನು ಹಚ್ಚುವುದು? ಮೇಜಿಗೆ ಅಗಸೆ ಎಣ್ಣೆ, ಕುರ್ಚಿ-ಕಪಾಟಿಗೆ ಅರಗು. ಅಗಸೆಗೆ ಇಲ್ಲಿ ಜವಸ ಎನ್ನುತ್ತಾರೆ, ವಿದರ್ಭದ ಹೊಲದ ಬೆಳೆ, ಮನೆಮನೆಯಲ್ಲಿ ಅದರ ಚಟ್ನಿಪುಡಿ. ಕುದಿಸಿ ಸಿದ್ಧಪಡಿಸಿದ ಮರಗೆಲಸದ ಎಣ್ಣೆಯನ್ನೇ ಕೊಳ್ಳಿ, ಹಸಿ ಎಣ್ಣೆ ವಾರಗಟ್ಟಲೆ ಅಂಟಂಟು. ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಒರೆಸಿ ತೆಗೆಯಿರಿ, ಮರುದಿನ ಇನ್ನೊಂದು ಸಲ. ಒಂದು ಎಚ್ಚರಿಕೆಯನ್ನು ದೊಡ್ಡ ದನಿಯಲ್ಲಿ ಹೇಳಬೇಕು: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಆರುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಆ ಶಾಖ ಕೂಡಿಕೊಂಡು ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಇಲ್ಲಿನ ಬಿಸಿಲಿಗಂತೂ ಇದು ಸದರದ ಮಾತಲ್ಲ. ಬಿಡಿಸಿ ಒಣಹಾಕಿ, ಇಲ್ಲವೇ ನೀರಿನ ಬಕೆಟ್ಟಿಗೆ ಹಾಕಿ.

7. ಕಿತ್ತಳೆ ಪೆಟ್ಟಿಗೆಯನ್ನು ಕೈಬಿಡಬೇಡಿ

ಸಾವನೇರ್, ಕಳಮೇಶ್ವರ, ಕಾಟೋಲ್, ನರಖೇಡ್, ಇಡೀ ಪಟ್ಟಿಯೇ ಕಿತ್ತಳೆಯದು. ನಾಗಪುರದ ಕಿತ್ತಳೆಗೆ 2014ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಹಣ್ಣು ಈಗ ಹೆಚ್ಚಾಗಿ ಪ್ಲಾಸ್ಟಿಕ್ ಕ್ರೇಟಿನಲ್ಲಿ, ರಟ್ಟಿನ ಡಬ್ಬದಲ್ಲಿ ಹೋಗುತ್ತದೆ. ಹಳೆಯ ಮರದ ಪೆಟ್ಟಿಗೆಗಳು ಹಣ್ಣಿನ ವ್ಯಾಪಾರಿಗಳ ಹಿತ್ತಲಲ್ಲಿ, ಒಲೆಗೆ ಹೋಗುವ ಮೊದಲು, ಕೇಳಿದರೆ ಸಿಗುತ್ತವೆ.

ಇದು ಬಡವರ ಕಪಾಟು ಎಂದು ಯಾರಾದರೂ ಮೂಗು ಮುರಿದರೆ ಹಾಲೆಂಡಿನ ಗೆರಿಟ್ ರೀಟ್‌ಫೆಲ್ಟ್ ಹೆಸರು ಹೇಳಿ. ಜಗತ್ಪ್ರಸಿದ್ಧ ವಾಸ್ತುಶಿಲ್ಪಿ, ಆದರೂ 1934ರಲ್ಲಿ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯಿಂದಲೇ ಕುರ್ಚಿಗಳನ್ನು ರೂಪಿಸಿದ. ಇವತ್ತು ಮ್ಯೂಸಿಯಂಗಳು ಅವನ್ನು ಜೋಪಾನ ಮಾಡುತ್ತಿವೆ.

ನಾವು ಮಾಡಿದ್ದು: ಆರು ಪೆಟ್ಟಿಗೆ. ಎದ್ದ ಮೊಳೆಗಳನ್ನೆಲ್ಲ ಕಿತ್ತು, ಸಾಬೂನುನೀರಿನಲ್ಲಿ ತಿಕ್ಕಿ, ನೆರಳಲ್ಲಿ ವಾರ ಒಣಗಿಸಿ, ಚುಚ್ಚುವ ಸಿಬಿರು ಹೋಗುವಷ್ಟು ಮಾತ್ರ ಉಜ್ಜಿದೆವು. ಮೊಳೆಯ ಬದಲು ತಿರುಪು. ಮೂರರ ಮೇಲೆ ಮೂರು ಜೋಡಿಸಿ ಹಿಂಬದಿಯಿಂದ ಗೋಡೆಗೆ ಕಬ್ಬಿಣದ ಕೋನಪಟ್ಟಿ ಹಾಕಿ ಬಿಗಿದೆವು. ಮಕ್ಕಳಿರುವ ಮನೆಯಲ್ಲಿ ಇದನ್ನು ತಪ್ಪಿಸಲೇಬಾರದು. ಮಗಳ ಪಠ್ಯಪುಸ್ತಕ, ನನ್ನ ಕಾದಂಬರಿಗಳು ಅಲ್ಲೇ ಇವೆ. ಭಾರದ ಪುಸ್ತಕ ಕೆಳಗೆ, ಹಗುರದ್ದು ಮೇಲೆ. ಈ ಮರ ಮೆದು, ಮೇಲೆ ಹತ್ತಿ ನಿಂತರೆ ತಾಳದು.

8. ರೈಲ್ವೆ ಸ್ಲೀಪರ್ ಸಿಕ್ಕಿದರೆ ಮೂಸಿ ನೋಡಿ

ಛಿಂದವಾಡಾ ದಾರಿಯ ನ್ಯಾರೋಗೇಜ್ ಹೋಗಿ ಬ್ರಾಡ್‌ಗೇಜ್ ಬಂದಿದೆ, ಹಳಿಯಡಿಯ ಹಳೆ ಮರದ ತುಂಡುಗಳ ಬೆಂಚು ಮಾಡಿಸಬೇಕೆಂಬ ಆಸೆ ಯಾರಿಗಾದರೂ ಹುಟ್ಟಬಹುದು. ಡಾಂಬರಿನಂಥ ಕಟುವಾಸನೆ ಇದ್ದರೆ ಅದಕ್ಕೆ ಕ್ರಿಯೋಸೋಟ್ ಕುಡಿಸಿದ್ದಾರೆ ಎಂದರ್ಥ. ಅದು ವಿಷ. ಅಂಥ ಮರಕ್ಕೆ ಮನೆಯೊಳಗೆ ಜಾಗ ಬೇಡ.

9. ವಸ್ತುವಿನ ಹಳೆಯ ಕೆಲಸ ಮರೆಯಿರಿ, ಅಳತೆ ಮರೆಯಬೇಡಿ

ಬಾಗಿಲು ಮೇಜಾಗಬಹುದು. ಹೊಲಿಗೆ ಯಂತ್ರದ ಎರಕದ ಕಾಲುಗಳ ಮೇಲೆ ಹಲಗೆ ಕೂರಿಸಿದರೆ ಓದುವ ಮೇಜು. ಕಿಟಕಿಯ ಚೌಕಟ್ಟಿಗೆ ಕನ್ನಡಿ, ತೊಟ್ಟಿಲಿಗೆ ಪತ್ರಿಕೆಗಳು, ಮುರಿದ ಏಣಿಗೆ ಟವೆಲು. ಆದರೆ ದೇಹದ ಅಳತೆ ಬದಲಾಗುವುದಿಲ್ಲ: ಕೂರುವ ಎತ್ತರ 45 ಸೆಂಟಿಮೀಟರ್ ಆಸುಪಾಸು, ಊಟದ ಮೇಜು 75. ಇದು ತಪ್ಪಿದರೆ ಎಷ್ಟು ಚೆಂದದ ವಸ್ತುವೂ ಎರಡು ತಿಂಗಳಲ್ಲಿ ಬಟ್ಟೆ ಗುಡ್ಡೆ ಹಾಕುವ ಜಾಗವಾಗುತ್ತದೆ. ಹಳೆ ಬಾಗಿಲಲ್ಲಿ ತಗ್ಗಿನ ಫಲಕಗಳಿರುತ್ತವೆ, ಅನ್ನದ ಅಗುಳು ಅಲ್ಲಿ ಸೇರುತ್ತದೆ. ಮೇಲೊಂದು ದಪ್ಪ ಗಾಜು ಹಾಕಿಸಿ. ನಾವು ಗಾಜನ್ನು ಆ ನುಣುಪಾದ ಅಂಗೈ ಜಾಗ ಬಿಟ್ಟು ಕತ್ತರಿಸಿದ್ದೇವೆ.

ನವಾರಿನ ಮಂಚವಿದ್ದರೆ ಪಟ್ಟಿ ಮಾತ್ರ ಹೊಸದು ಹಾಕಿಸಿ. ಹೊಸ ಸೋಫಾಕ್ಕಿಂತ ಇಲ್ಲಿನ ಸೆಕೆಗೆ ಅದೇ ವಾಸಿ, ಕೆಳಗಿಂದ ಗಾಳಿ ಆಡುತ್ತದೆ.

10. ಒಂದು ಕೋಣೆಗೆ ಒಂದೇ ದೊಡ್ಡ ಹಳೆ ವಸ್ತು

ಎರಡಾದರೆ ಜಗಳ. ಮೂರಾದರೆ ಗೋದಾಮು.

11. ಚಿತ್ರ ಮೊದಲು, ಗೋಡೆಯ ಬಣ್ಣ ಆಮೇಲೆ

ನಾವೆಲ್ಲ ತಲೆಕೆಳಗಾಗಿ ಮಾಡುತ್ತೇವೆ. ಗೋಡೆಗೆ ಬಣ್ಣ ಬಳಿಸಿ, ಸೋಫಾ ತಂದು, ಅದಕ್ಕೆ ‘ಮ್ಯಾಚ್’ ಆಗುವ ಪ್ರಿಂಟ್ ಒಂದನ್ನು ಹುಡುಕುತ್ತೇವೆ. ಆ ಪ್ರಿಂಟ್ ಪಕ್ಕದ ಮನೆಯಲ್ಲೂ ಇರುತ್ತದೆ, ದಂತವೈದ್ಯರ ಕ್ಲಿನಿಕ್ಕಿನಲ್ಲೂ ಇರುತ್ತದೆ. ಮೊದಲು ಒಂದು ಮೂಲಚಿತ್ರ ತನ್ನಿ, ಸಣ್ಣದಾದರೂ ಸರಿ. ಗೋಡೆ ಅದರ ಮಾತು ಕೇಳಲಿ.

ನಮ್ಮದು ಗೋಂಡ್ ಚಿತ್ರ. ನಾಗಪುರವನ್ನು ಊರಾಗಿ ಕಟ್ಟಿದ್ದೇ ಗೋಂಡರ ದೊರೆ ಬಖ್ತ್ ಬುಲಂದ್ ಶಾಹ, ಹಾಗಾಗಿ ಈ ನೆಲಕ್ಕೆ ಅದು ಪರಕೀಯವಲ್ಲ. ಚಿತ್ರಪರಂಪರೆಯ ತವರು ಮಧ್ಯಪ್ರದೇಶದ ಪಾಟನ್‌ಗಢ. ಅಲ್ಲಿನ ಪರಧಾನ ಗೋಂಡ ಯುವಕ ಜನಗಢ ಸಿಂಗ್ ಶ್ಯಾಮ್ ಗೋಡೆಯ ಮೇಲೆ ಬರೆದದ್ದು ಭೋಪಾಲದ ಭಾರತ ಭವನ ಕಟ್ಟುತ್ತಿದ್ದ ಕಲಾವಿದ ಜೆ. ಸ್ವಾಮಿನಾಥನ್ ತಂಡದ ಕಣ್ಣಿಗೆ ಬಿತ್ತು. ಭಾರತ ಭವನ 1982ರಲ್ಲಿ ತೆರೆಯಿತು, ಜನಗಢ ಭೋಪಾಲಕ್ಕೆ ಬಂದರು, ಕಾಗದ-ಕ್ಯಾನ್ವಾಸಿಗೆ ಇಳಿದರು. 2001ರಲ್ಲಿ ಜಪಾನಿನಲ್ಲಿದ್ದಾಗ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಅವರು ತೆರೆದ ದಾರಿಯಲ್ಲಿ ಇವತ್ತು ಹಳ್ಳಿಯ ಎಷ್ಟೋ ಮನೆಗಳು ಕುಂಚದಿಂದ ಬದುಕುತ್ತಿವೆ.

ಹುಡುಕಿಕೊಂಡು ಪಾಟನ್‌ಗಢಕ್ಕೇ ಹೋಗಬೇಕಿಲ್ಲ. ನಾಗಪುರದ ಸಿವಿಲ್ ಲೈನ್ಸಿನಲ್ಲಿ ದಕ್ಷಿಣ ಮಧ್ಯ ವಲಯ ಸಾಂಸ್ಕೃತಿಕ ಕೇಂದ್ರವಿದೆ; ಕರ್ನಾಟಕವೂ ಅದರ ಸದಸ್ಯ ರಾಜ್ಯ. ಅವರು ನಡೆಸುವ ಆರೆಂಜ್ ಸಿಟಿ ಕ್ರಾಫ್ಟ್ ಮೇಳದಲ್ಲಿ ಮಾಡಿದವರೇ ಎದುರು ಕೂತಿರುತ್ತಾರೆ. ಬೆಂಗಳೂರಿನವರಿಗೆ ಜನವರಿ ಆರಂಭದ ಭಾನುವಾರ ಕುಮಾರಕೃಪಾ ರಸ್ತೆಯ ಚಿತ್ರಸಂತೆ ಇದ್ದೇ ಇದೆ.

ಕೈಯಿಂದ ಬರೆದದ್ದೋ ಮುದ್ರಿಸಿದ್ದೋ ಎಂದು ತಿಳಿಯಲು ಚಿತ್ರವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕೈಯಿಂದ ಬರೆದದ್ದರಲ್ಲಿ ಬಣ್ಣ ಅಲ್ಲಲ್ಲಿ ತುಸು ಎದ್ದಿರುತ್ತದೆ. ಭೂತಗನ್ನಡಿ ಹಿಡಿದರೆ ಮುದ್ರಣದ ಬಣ್ಣ ಸಣ್ಣ ಸಣ್ಣ ಸಮ ಚುಕ್ಕಿಗಳಾಗಿ ಒಡೆದು ಕಾಣುತ್ತದೆ, ಕೈಯದ್ದು ಕಾಣದು. ನಮ್ಮ ಚಿತ್ರದಲ್ಲಿ ಒಂದು ಜಿಂಕೆ. ಅದರ ಕೊಂಬು ಮೇಲೇರುತ್ತ ಮರವಾಗಿ, ಮರದಲ್ಲಿ ಹಕ್ಕಿಗಳು ಕೂತಿವೆ. ಮೈತುಂಬ ಅಕ್ಕಿಕಾಳಿನಂಥ ಗೆರೆ. ಹತ್ತಿರದಿಂದ ನೋಡಿದರೆ ಕತ್ತಿನ ಬಳಿ ಗೆರೆಗಳು ಒತ್ತೊತ್ತಾಗಿವೆ, ಹಿಂಗಾಲಿನತ್ತ ಹೋದಂತೆ ಬಿಡಿಬಿಡಿಯಾಗಿ ಉದ್ದವಾಗಿವೆ. ಬರೆದ ಹೆಣ್ಣುಮಗಳನ್ನು ಯಾಕೆ ಎಂದು ಕೇಳಿದೆ. ‘ಕತ್ತು ನಿಂತಿದೆ, ಕಾಲು ಓಡುತ್ತಿದೆ’ ಅಂದಳು. ಅವಳ ಹೆಸರು, ಊರು, ವರ್ಷ ಹಿಂಬದಿಯಲ್ಲಿ ಬರೆಸಿಕೊಂಡೆ. ನೀವೂ ಬರೆಸಿಕೊಳ್ಳಿ. ಆಮೇಲೆ ಗೋಡೆಗೆ ಬಳಿದದ್ದು ಬರಿಯ ಸುಣ್ಣದ ಬಿಳುಪು, ಜಿಂಕೆಗೆ ಅದೇ ಬೇಕಿತ್ತು.

12. ಕೂಲರಿನ ಗಾಳಿಯ ಎದುರು ಚಿತ್ರ ಹಾಕಬೇಡಿ

ಹೇಳುವಾಗ ಇವತ್ತಿಗೂ ಹೊಟ್ಟೆ ಚುರ್ ಎನ್ನುತ್ತದೆ. ವಿದರ್ಭದ ಬೇಸಿಗೆ ಎಂದರೆ ಕಿಟಕಿಗೊಂದು ಕೂಲರು. ಒದ್ದೆ ಪ್ಯಾಡಿನಿಂದ ಹಾದ ತಂಪು ಗಾಳಿ ಹಗಲೂರಾತ್ರಿ. ಊರಿನಿಂದ ತಂದ ಚಿತ್ತಾರವನ್ನು ಅದರ ನೇರ ಎದುರಿಗೆ ತೂಗುಹಾಕಿದ್ದೆ. ಸಾಗರ, ಸೊರಬ ಕಡೆಯ ದೀವರ ಹೆಣ್ಣುಮಕ್ಕಳು ಭೂಮಿ ಹುಣ್ಣಿಮೆಯ ಬುಟ್ಟಿಗೆ, ಮದುವೆಮನೆಯ ಗೋಡೆಗೆ ಬರೆಯುವ ಚಿತ್ತಾರ ಅದು. ಕೆಮ್ಮಣ್ಣಿನ ನೆಲ, ಅಕ್ಕಿಹಿಟ್ಟಿನ ಬಿಳಿ, ಹುರಿದು ಕಪ್ಪಾದ ಅಕ್ಕಿಯ ಕರಿ, ಗುರಿಗೆ ಕಾಯಿಯ ಹಳದಿ, ಕುಂಚ ಪುಂಡಿನಾರಿನದು. ನಮ್ಮೂರಿನ ಒಬ್ಬ ಅಜ್ಜಿ ಕಾಗದದ ಮೇಲೆ ಬರೆದುಕೊಟ್ಟಿದ್ದರು. ಜುಲೈ ಹೊತ್ತಿಗೆ ಕೆಮ್ಮಣ್ಣಿನ ಮೇಲೆ ಕರಿ ಬೂಷ್ಟಿನ ಚುಕ್ಕಿ. ಚೌಕಟ್ಟು ಬಿಚ್ಚಿದರೆ ಇನ್ನೊಂದು ಸಂಕಟ: ಬಿಳಿ ಗೆರೆಗಳನ್ನು ಬೆಳ್ಳಿಮೀನು ಎನ್ನುವ ಪುಸ್ತಕದ ಹುಳ ಸವರಿಕೊಂಡು ತಿಂದಿತ್ತು. ಅಕ್ಕಿಹಿಟ್ಟೆಂದರೆ ಗಂಜಿ, ಗಂಜಿಯೆಂದರೆ ಅದಕ್ಕೆ ಹಬ್ಬ. ನೆರಳಲ್ಲಿ ಒಣಗಿಸಿ ಮೆತ್ತನೆ ಕುಂಚದಿಂದ ಬೂಷ್ಟು ಝಾಡಿಸಿದೆ. ಹೋದ ಗೆರೆ ಬರಲಿಲ್ಲ. ಮುಂದಿನ ರಜೆಯಲ್ಲಿ ಅಜ್ಜಿಯ ಪಕ್ಕ ಮಗಳನ್ನು ಕೂರಿಸಿ ಇನ್ನೊಂದು ಬರೆಸಿದೆವು. ಬಲ ಮೂಲೆಯ ನಾಲ್ಕು ಗೆರೆ ಮಗಳದ್ದು, ಸ್ವಲ್ಪ ಅಂಕುಡೊಂಕು.

ಚೌಕಟ್ಟು ಹಾಕಿಸುವಾಗ ನೋಡಿಕೊಳ್ಳಬೇಕಾದ್ದು: ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಆಮ್ಲರಹಿತ ಮೌಂಟ್ ಬೋರ್ಡಿನ ಅಂತರವಿರಲಿ. ಹಿಂಬದಿಯನ್ನು ಕಾಗದದ ಟೇಪಿನಿಂದ ಮುಚ್ಚಿಸಿ. ಕೆಳಗಿನ ಎರಡು ಮೂಲೆಗೆ ಬಿರಡೆಯ ಚೂರು ಅಂಟಿಸಿದರೆ ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿಯಾಡುತ್ತದೆ. ಸಂಜೆಬಿಸಿಲು ಹೊಡೆಯುವ ಗೋಡೆ ಬೇಡವೇ ಬೇಡ. ಎರಡು ಬೇಸಿಗೆಗೆ ಬಣ್ಣ ಸೊರಗುತ್ತದೆ. ವರ್ಷಕ್ಕೊಮ್ಮೆ, ದಸರೆಗೆ, ಇಳಿಸಿ ಹಿಂಬದಿ ನೋಡಿ.

13. ಕಲೆ ಎಂದರೆ ಚೌಕಟ್ಟಿನೊಳಗಿನದೇ ಆಗಬೇಕಿಲ್ಲ

ಅಜ್ಜಿಯ ಕೌದಿಯನ್ನು ಗೋಡೆಗೆ ತೂಗುಹಾಕಿ ನೋಡಿ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಗಳು ದೇಶದಾಚೆಯ ಪ್ರದರ್ಶನಗಳಿಗೂ ಹೋಗಿಬಂದಿವೆ. ಅಂಚಿನಿಂದ ಆರಂಭಿಸಿ ನಡುವಿನವರೆಗೆ ಸುತ್ತುತ್ತ ಹೊಲಿಯುವ ಕ್ರಮ ಅವರದು, ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂ. ಸವೆದ ಇಳಕಲ್ ಸೀರೆಯ ಸೆರಗು ಹಾಗೇ ದಿಂಬಿನ ಕವಚ ಆಗುತ್ತದೆ. ತೂಗುಹಾಕುವಾಗ ಮೊಳೆ ಚುಚ್ಚಬೇಡಿ, ಹಿಂದೆ ಬಟ್ಟೆಯ ತೋಳು ಹೊಲಿದು ಕೋಲು ತೂರಿಸಿ.

14. ಚಿತ್ರವನ್ನು ಕೂರುವವರ ಕಣ್ಣಿಗೆ ಇಳಿಸಿ

ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು 145 ಸೆಂಟಿಮೀಟರಿಗೆ ಬರುವಂತೆ ಹಾಕುತ್ತಾರೆ, ಅಲ್ಲಿ ಎಲ್ಲರೂ ನಿಂತೇ ನೋಡುತ್ತಾರೆ. ನಮ್ಮ ಮನೆಗಳಲ್ಲಿ ನಾವು ಕೂರುತ್ತೇವೆ, ಚಾಪೆಯ ಮೇಲೆ ಹೂ ಕಟ್ಟುತ್ತೇವೆ, ಸೊಪ್ಪು ಬಿಡಿಸುತ್ತೇವೆ. ಅತ್ತೆ ಬಂದು ಎರಡು ವಾರವಾದರೂ ಜಿಂಕೆಯ ಸುದ್ದಿ ಎತ್ತಿರಲಿಲ್ಲ. ಎರಡು ಅಡಿ ಕೆಳಗಿಳಿಸಿದೆ. ಅವತ್ತು ಸಂಜೆಯೇ ಕೇಳಿದರು, ‘ಆ ಎಡಗಡೆ ಹಕ್ಕಿಗೆ ಕಣ್ಣು ಯಾಕೆ ಎರಡು?’

15. ಬಡಗಿಯ ಕೂಲಿಯಲ್ಲಿ, ಕಲಾವಿದೆಯ ಬೆಲೆಯಲ್ಲಿ ಚೌಕಾಸಿ ಬೇಡ

ಮರ ಅಗ್ಗಕ್ಕೆ ಸಿಕ್ಕಿದೆ. ಆ ಉಳಿತಾಯ ಕೈಕೆಲಸದವರಿಗೆ ಹೋಗಲಿ. ಜಿಂಕೆಯ ಮೈಮೇಲಿನ ಗೆರೆಗಳನ್ನು ಒಂದು ಅಂಗುಲದಷ್ಟು ಎಣಿಸಿ ನೋಡಿದರೆ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ.

16. ಉಳಿದ ತುಂಡುಗಳನ್ನು ಬಡಗಿಗೇ ಕೊಡಿ

ನಮ್ಮ ಕಡೆ ಮಣ್ಣೆತ್ತಿನ ಅಮಾವಾಸ್ಯೆ ಇದೆಯಲ್ಲ, ಇಲ್ಲಿ ಶ್ರಾವಣದ ಅಮಾವಾಸ್ಯೆಗೆ ಪೋಳಾ. ಮರುದಿನ ಮಕ್ಕಳ ಹಬ್ಬ, ತಾನ್ಹಾ ಪೋಳಾ. ಭೋಸಲೆ ರಾಜರ ಕಾಲದಿಂದ ನಾಗಪುರ ಸೀಮೆಯಲ್ಲಿ ನಡೆದು ಬಂದದ್ದು. ಮಕ್ಕಳು ಗಾಲಿಯ ಮೇಲಿನ ಮರದ ಎತ್ತನ್ನು ಸಿಂಗರಿಸಿ, ದಾರ ಕಟ್ಟಿ ಎಳೆಯುತ್ತ ಮನೆಮನೆಗೆ ಹೋಗಿ ಪುಡಿಗಾಸು ಪಡೆಯುತ್ತಾರೆ. ಅಂಗೈಯಗಲದ ಎತ್ತಿನಿಂದ ಆಳೆತ್ತರದ ಎತ್ತಿನವರೆಗೆ ಬೀದಿ ತುಂಬ.

ಬಾಗಿಲನ್ನು ಮೇಜಿನ ಅಳತೆಗೆ ಕೊಯ್ದಾಗ ಒಂದು ಮೊಳದಷ್ಟು ತೇಗದ ತುಂಡು ಉಳಿದಿತ್ತು. ಸುತಾರರು ಕೇಳಿದರು, ಕೊಟ್ಟೆ. ಮಳೆಗಾಲ ಕಳೆಯುತ್ತ ಬಂತು, ನಾವು ಅದನ್ನು ಮರೆತೇಬಿಟ್ಟಿದ್ದೆವು. ತಾನ್ಹಾ ಪೋಳಾದ ಬೆಳಿಗ್ಗೆ ಅವರು ಸೈಕಲ್ ನಿಲ್ಲಿಸಿ ಚೀಲದಿಂದ ಒಂದು ಎತ್ತು ತೆಗೆದು ಮಗಳ ಕೈಗಿಟ್ಟರು. ನಾಲ್ಕು ಗಾಲಿ, ಕೊಂಬಿಗೆ ಮಾತ್ರ ಕೆಂಪು, ಮೈಗೆ ಬಣ್ಣವಿಲ್ಲ, ಎಣ್ಣೆ ಕುಡಿದ ಹೊಂಬಣ್ಣದ ಮರ. ಡುಬ್ಬದ ಹತ್ತಿರ ಒಂದು ಹಳೆಯ ಮೊಳೆಯ ತೂತು. ಬಾಗಿಲಿನ ತಿರುಗಣೆ ಕೂತಿದ್ದ ಜಾಗ. ಅದನ್ನು ಅವರು ಮುಚ್ಚಿರಲಿಲ್ಲ. ದಾರ ಕಟ್ಟಲು ಬೇರೆ ತೂತು ಬೇಕಾಗಲಿಲ್ಲ. ಹಬ್ಬ ಮುಗಿದ ಮೇಲೆ ಎತ್ತು ಮೇಜಿನ ಕೆಳಗೆ, ಕಾಲಿನ ಪಕ್ಕ ನಿಲ್ಲುತ್ತದೆ. ಮಗಳು ದಿನಾ ರಾತ್ರಿ ಊಟ ಮುಗಿಸಿ ಏಳುವಾಗ ಅದರ ಮುಂದೆ ಒಂದು ಕಿತ್ತಳೆ ಸಿಪ್ಪೆ ಇಟ್ಟು ಏಳುತ್ತಾಳೆ.